ಒಂದು ಮಗುವಿಗೆ ಒಂದೇ ಸ್ವರ: ಹ್ಯಾಂಡ್‌ಚೈಮ್ ಕೊಳ್ಳುವ ಮುನ್ನ

ಹಾರ್ಮೋನಿಯಂನ ಒಂದು ಮನೆ ಕೆಟ್ಟರೆ ನುಡಿಸುವವರು ಹೇಗೋ ಸುಧಾರಿಸಿಕೊಂಡು ಹೋಗುತ್ತಾರೆ. ಹ್ಯಾಂಡ್‌ಚೈಮ್ ತಂಡದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಒಂದೊಂದು ಮಗುವಿನ ಕೈಯಲ್ಲಿ ಒಂದೋ ಎರಡೋ ಸ್ವರ ಮಾತ್ರ. ‘ಪ’ ಹಿಡಿದ ಹುಡುಗಿಯ ಚೈಮ್ ಕೈಕೊಟ್ಟಿತು ಎನ್ನಿ, ಹಾಡಿನಲ್ಲಿ ‘ಪ’ ಇಲ್ಲ, ಆ ಹುಡುಗಿಗೆ ತಂಡದಲ್ಲಿ ಕೆಲಸವೂ ಇಲ್ಲ. ಆದ್ದರಿಂದ ಪಿಟಿಎ ಸಭೆಯಲ್ಲಿ ಹಣ ಮಂಜೂರಾಯಿತು ಎಂದು ಚಿತ್ರ ನೋಡಿ ಆರ್ಡರ್ ಮಾಡಬೇಡಿ. ಇದನ್ನು ಪರೀಕ್ಷಿಸುವ ವಿದ್ಯೆ ನಮ್ಮ ‘ಶಬ್ದ’ ಪಾಠದಲ್ಲೇ ಉಂಟು.

ಏನಿದು ಹ್ಯಾಂಡ್‌ಚೈಮ್?

ಇಂಗ್ಲೆಂಡಿನಲ್ಲಿ ಚರ್ಚ್ ಗೋಪುರದ ಗಂಟೆ ಬಾರಿಸುವವರು ಅಭ್ಯಾಸಕ್ಕೆಂದು ಕಂಚಿನ ಕೈಗಂಟೆಗಳನ್ನು ಬಳಸುತ್ತಿದ್ದರು. ಕ್ರಮೇಣ ಅದೇ ಒಂದು ಮೇಳವಾಯಿತು. ಆದರೆ ಕಂಚಿನ ಗಂಟೆ ದುಬಾರಿ, ಭಾರವೂ ಹೌದು; ಬೆರಳ ಗುರುತು ಬಿದ್ದರೆ ಒರೆಸಬೇಕು. ಮಕ್ಕಳ ಕೈಗೆ ಕೊಡಲು ಗಟ್ಟಿಮುಟ್ಟಾದ ಸಾಧನವಾಗಿ ಅಲ್ಯೂಮಿನಿಯಂ ಹ್ಯಾಂಡ್‌ಚೈಮ್ 1980ರ ದಶಕದಲ್ಲಿ ಅಮೆರಿಕದ ಶಾಲೆಗಳಿಗೆ ಬಂತು. ಅಲ್ಲಿನ ಮಾಲ್‌ಮಾರ್ಕ್, ಶುಲ್ಮರಿಕ್ ಮತ್ತು ಜಪಾನಿನ ಸುಜುಕಿ ಇದನ್ನು ತಯಾರಿಸುವ ಹೆಸರುವಾಸಿ ಕಂಪನಿಗಳು.

ನೋಡಲು ಇದೊಂದು ಲೋಹದ ಕೊಳವೆ. ಮೇಲ್ಭಾಗದಲ್ಲಿ ಉದ್ದಕ್ಕೆ ಸೀಳು ಹಾಕಿ ಎರಡು ಕವಲು ಮಾಡಿರುತ್ತಾರೆ. ಅಂದರೆ, ನಮ್ಮ ಲ್ಯಾಬಿನ ಶ್ರುತಿಕವೆಯೇ! ಹೊರಗೆ ಒಂದು ಪುಟ್ಟ ಸುತ್ತಿಗೆ ಉಂಟು. ಕೈ ಮುಂದಕ್ಕೆ ಬೀಸಿದರೆ ಅದು ಒಂದು ಕವಲಿಗೆ ತಟ್ಟುತ್ತದೆ. ಶ್ರುತಿಕವೆಯ ಸದ್ದು ಕೇಳಲು ನಾವು ಅದನ್ನು ಮೇಜಿಗೆ ಊರುತ್ತೇವಲ್ಲ? ಇಲ್ಲಿ ಆ ಕೆಲಸವನ್ನು ಸೀಳಿನ ಕೆಳಗೆ, ಕೊಳವೆಯೊಳಗೆ ಇರುವ ಗಾಳಿಯ ಕಂಬ ಮಾಡುತ್ತದೆ. ಒಂದು ತುದಿ ಮುಚ್ಚಿರುವುದರಿಂದ ಅದರ ಉದ್ದ ತರಂಗದೂರದ ಕಾಲುಭಾಗ. 523 ಹರ್ಟ್ಸಿನ ಸ್ವರಕ್ಕೆ ಲೆಕ್ಕ ಹಾಕಿ: 343 ಭಾಗಿಸು (4 × 523), ಸುಮಾರು 16.4 ಸೆಂಟಿಮೀಟರ್.

ಒಂದು ಮಾತು ನೆನಪಿಡಿ: ಸ್ವರ ಯಾವುದೆಂದು ನಿರ್ಧರಿಸುವುದು ಲೋಹ, ಅದನ್ನು ಜೋರಾಗಿ ಕೇಳಿಸುವುದು ಗಾಳಿ. ಮುಂದಿನ ಪರೀಕ್ಷೆಗಳಿಗೆ ಇದೇ ಬುನಾದಿ.

ಪರೀಕ್ಷೆ 1: ಶ್ರುತಿ

ಫೋನಿನಲ್ಲಿ ಟ್ಯೂನರ್ ಆ್ಯಪ್ ಇದ್ದರೆ ಸಾಕು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ‘ಫೈಫಾಕ್ಸ್’ ಉಚಿತವಾಗಿ ಸಿಗುತ್ತದೆ. ಆವೃತ್ತಿ ಅಳೆಯುವುದು, ನಾದ ಹೊರಡಿಸುವುದು ಎರಡೂ ಅದರಲ್ಲಿ ಉಂಟು. ಆಧಾರ ಸ್ವರ 440 ಹರ್ಟ್ಸ್ ಎಂದಿಟ್ಟುಕೊಂಡರೆ ಪಾಶ್ಚಾತ್ಯ ‘ಸಿ’ಯಿಂದ ಹೊರಟ ಸ, ರಿ, ಗ, ಪ, ಧ, ಮೇಲಿನ ಸ ಕ್ರಮವಾಗಿ 523, 587, 659, 784, 880, 1047 ಹರ್ಟ್ಸ್ ಬರಬೇಕು.

ನಾದ ಹೊರಡಿಸಿ ಬೀಟ್ಸ್ ಎಣಿಸುವುದು ಇನ್ನೂ ಸೊಗಸು. ಫೋನಿನಲ್ಲಿ 523 ಹರ್ಟ್ಸ್ ಇಟ್ಟು ಚೈಮ್ ಬಾರಿಸಿ. ಸದ್ದು ಏರಿಳಿಯುತ್ತಿದ್ದರೆ, ಸೆಕೆಂಡಿಗೆ ಎಷ್ಟು ಏರಿಳಿತವೋ ಅಷ್ಟು ಹರ್ಟ್ಸ್ ವ್ಯತ್ಯಾಸ. ಎರಡು ಸೆಕೆಂಡಿಗೆ ಮೂರು ಏರಿಳಿತ ಎಂದರೆ 1.5 ಹರ್ಟ್ಸ್, ಸಂಗೀತದ ಲೆಕ್ಕದಲ್ಲಿ ಸುಮಾರು 5 ಸೆಂಟ್, ಅಂದರೆ ಅರ್ಧಸ್ವರದ ಇಪ್ಪತ್ತನೇ ಒಂದು ಪಾಲು. ಅಷ್ಟನ್ನು ಒಪ್ಪಿಕೊಳ್ಳಬಹುದು. ಚೈಮ್ ಹೆಚ್ಚೋ ಕಡಿಮೆಯೋ ಎಂದು ಗೊತ್ತಾಗಬೇಕಾದರೆ ಕವಲಿನ ತುದಿಗೆ ಒಂಚೂರು ಮೇಣ ಮೆತ್ತಿ. ಮೇಣ ಆವೃತ್ತಿಯನ್ನು ತಗ್ಗಿಸುತ್ತದೆ. ಏರಿಳಿತ ನಿಧಾನವಾದರೆ ಚೈಮ್ ಮೇಲಿತ್ತು, ವೇಗವಾದರೆ ಕೆಳಗಿತ್ತು. ನೋಡಿದ ಮೇಲೆ ಮೇಣ ತೆಗೆದುಬಿಡಿ.

ಎಲ್ಲ ಚೈಮ್‌ಗಳೂ ಒಂದೇ ಕಡೆಗೆ 5 ಸೆಂಟ್ ಸರಿದಿದ್ದರೆ ಹಾಡು ಕೆಡುವುದಿಲ್ಲ. ಒಂದು ಮೇಲೆ, ಇನ್ನೊಂದು ಕೆಳಗೆ ಸರಿದಿದ್ದರೆ ಕೆಡುತ್ತದೆ. ಶಾಲೆಯ ಹಾರ್ಮೋನಿಯಂ ಜೊತೆ ಬಾರಿಸುವ ಯೋಚನೆ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ವಿಷಯ: ಕೈಗಂಟೆ ಸಂಪ್ರದಾಯದಲ್ಲಿ ಬರೆದ ಸ್ವರಕ್ಕಿಂತ ಕೇಳುವ ಸ್ವರ ಒಂದು ಸ್ಥಾಯಿ ಮೇಲೆ ಇರುತ್ತದೆ. ನೀವು ಅಳೆದದ್ದು ಹೆಸರಿಗಿಂತ ಸರಿಯಾಗಿ ದುಪ್ಪಟ್ಟು ಬಂದರೆ ಗಾಬರಿ ಬೇಡ, ಅದು ದೋಷವಲ್ಲ.

ಪರೀಕ್ಷೆ 2: ಒಂದು ಬೀಸು, ಒಂದು ಪೆಟ್ಟು

ಒಂದೊಂದು ಚೈಮನ್ನೂ ಹತ್ತು ಸಲ ಬಾರಿಸಿ: ಐದು ಸಲ ಮೆಲ್ಲ, ಐದು ಸಲ ಜೋರು. ಹತ್ತರಲ್ಲಿ ಎಷ್ಟು ಸಲ ಒಂದೇ ಪೆಟ್ಟು ಚೊಕ್ಕವಾಗಿ ಬಿತ್ತು? ಸುತ್ತಿಗೆ ಸಡಿಲವಾಗಿದ್ದರೆ ‘ಟಟ್’ ಎಂದು ಎರಡು ಸಲ ತಟ್ಟುತ್ತದೆ. ಬಿಗಿಯಾಗಿದ್ದರೆ ಮೆಲ್ಲ ಬೀಸಿದಾಗ ತಟ್ಟುವುದೇ ಇಲ್ಲ. ಇದನ್ನು ಬಿಗಿ–ಸಡಿಲ ಮಾಡಲು ಸ್ಕ್ರೂ ಇದೆಯೇ ಎಂದು ನೋಡಿ. ಶ್ರುತಿ ಬೇಗ ಕೆಡುವುದಿಲ್ಲ. ದಿನವೂ ಸವೆಯುವುದು ಈ ಸುತ್ತಿಗೆಯ ತುದಿ ಮತ್ತು ಕೀಲು.

ಪರೀಕ್ಷೆ 3: ನಾದ ಎಷ್ಟು ಹೊತ್ತು?

ಸದ್ದಿಲ್ಲದ ಕೋಣೆಯಲ್ಲಿ ಒಂದೇ ದೂರದಲ್ಲಿ ನಿಂತು, ಸದ್ದು ಕಿವಿಗೆ ಕೇಳದಾಗುವವರೆಗೆ ಸ್ಟಾಪ್‌ವಾಚ್ ಹಿಡಿಯಿರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಕೆಳಗಿನ ಸ್ವರ ಹೆಚ್ಚು ಹೊತ್ತು, ಮೇಲಿನದು ಕಡಿಮೆ ಹೊತ್ತು ಕೇಳುವುದು ಸಹಜ. ಗ್ರಾಫ್ ಹಾಕಿದರೆ ಗೆರೆ ಮೆಲ್ಲನೆ ಇಳಿಯಬೇಕು. ನಡುವೆ ಒಂದು ಮಾತ್ರ ಗುಂಡಿಗೆ ಬಿದ್ದ ಹಾಗೆ ಕಂಡರೆ ಅದರಲ್ಲಿ ಏನೋ ತೊಂದರೆ ಇದೆ: ಸ್ಕ್ರೂ ಸಡಿಲ, ಸೀಳಿನಲ್ಲಿ ಕಸ, ಇಲ್ಲವೇ ಬಿರುಕು. ‘ಜುಂಯ್’ ಎನ್ನುವ ಕರಕರೆ ಕೇಳಿದರೂ ಇವನ್ನೇ ಹುಡುಕಿ. ಕೊನೆಗೆ, ಬಾರಿಸಿದ ಚೈಮನ್ನು ಹೆಗಲಿಗೆ ತಾಗಿಸಿ. ಸದ್ದು ತಕ್ಷಣ ನಿಲ್ಲಬೇಕು. ನಿಲ್ಲಿಸಲು ಬಾರದ ಸ್ವರ ಮುಂದಿನ ಸ್ವರದ ಮೇಲೆ ಹತ್ತಿ ಕೂರುತ್ತದೆ.

ಪರೀಕ್ಷೆ 4: ಸೆಕೆ

ನಮ್ಮ ಕರಾವಳಿಯವರಿಗೆ ಇದು ಮುಖ್ಯ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 35 ಡಿಗ್ರಿಯಲ್ಲಿ ಸುಮಾರು 352. ಹಾಗಾಗಿ ಗಾಳಿಕಂಬದ ಅನುರಣನೆ ಶೇಕಡಾ 2.6ರಷ್ಟು ಮೇಲಕ್ಕೆ ಹೋಗುತ್ತದೆ. ಲೋಹ ಬಿಸಿಯಾದಂತೆ ಮೆದುವಾಗಿ ಕವಲಿನ ಆವೃತ್ತಿ ತುಸು ಕೆಳಕ್ಕೆ ಇಳಿಯುತ್ತದೆ. ಇಬ್ಬರೂ ಬೇರೆ ಬೇರೆ ದಿಕ್ಕು ಹಿಡಿದರು! ಪರಿಣಾಮ: ಶ್ರುತಿ ಹೆಚ್ಚು ಕೆಡುವುದಿಲ್ಲ, ಸದ್ದು ಮಾತ್ರ ಕುಗ್ಗಬಹುದು. ಹಾಗಾಗಿ ಏಸಿ ಕೋಣೆಯಲ್ಲಿ ಕೇಳಿ ಮರುಳಾಗಬೇಡಿ. ನಿಮ್ಮ ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನದ ಹೊತ್ತಿಗೆ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ.

ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಆಕ್ಸೈಡಿನ ಪದರ ಕಟ್ಟಿಕೊಂಡು ಉಪ್ಪುಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಸಾದಾ ಉಕ್ಕಿನ ಸ್ಕ್ರೂ ತುಕ್ಕು ಹಿಡಿಯುತ್ತದೆ. ಕೊಳ್ಳುವಾಗ ಸ್ಕ್ರೂ ಯಾವುದರದ್ದೆಂದು ಕೇಳಿ. ಸ್ವರದ ಹೆಸರು ಕೆತ್ತಿರಲಿ ಅಥವಾ ಅಚ್ಚು ಒತ್ತಿರಲಿ. ಸ್ಟಿಕ್ಕರ್ ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಎದ್ದುಬರುತ್ತದೆ.

ಎಷ್ಟು ಬೇಕು?

ಎರಡು ಸ್ಥಾಯಿಯ ಪೂರ್ಣ ಸೆಟ್‌ನಲ್ಲಿ 25, ಮೂರು ಸ್ಥಾಯಿಯದ್ದರಲ್ಲಿ 37 ಚೈಮ್ ಇರುತ್ತವೆ. ಮೊದಲ ವರ್ಷಕ್ಕೆ ಅಷ್ಟು ಬೇಡ. ಎಂಟು ಸ್ವರ ಇದ್ದರೆ ಶಂಕರಾಭರಣದ ಸ್ವರಗಳು ಸಿಕ್ಕಿದವು. ಅದರಲ್ಲಿ ‘ಮ’, ‘ನಿ’ ಬಿಟ್ಟರೆ ಮೋಹನ. ಮೇಲೆ ಹೇಳಿದ ಆರೇ ಆರು ಚೈಮಿನಿಂದ ಆರು ಮಕ್ಕಳು ಮೋಹನದ ಆರೋಹಣ, ಅವರೋಹಣ ಬಾರಿಸಬಹುದು. ಗಮಕ ಬರುವುದಿಲ್ಲ, ಅದನ್ನು ಬಯಸಲೂಬಾರದು; ಆದರೆ ತನ್ನ ಸರದಿಗೆ ಕಾಯುವುದನ್ನು ಇಷ್ಟು ಚೆನ್ನಾಗಿ ಕಲಿಸುವ ವಾದ್ಯ ಅಪರೂಪ. ಕೆಳಗಿನ ಸ್ವರದ ಚೈಮ್ ಉದ್ದ ಮತ್ತು ಭಾರ, ಅದನ್ನು ದೊಡ್ಡ ಮಕ್ಕಳಿಗೆ ಕೊಡಿ.

ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಒಂದು ಚೈಮ್ ಹಾಳಾದರೆ ಅದೊಂದನ್ನೇ ಬಿಡಿಯಾಗಿ ಕೊಡುತ್ತೀರಾ? ಸುತ್ತಿಗೆಯ ತುದಿ, ಕೀಲು ಬಿಡಿಭಾಗವಾಗಿ ಸಿಗುತ್ತವೆಯೇ? ಮುಂದಿನ ವರ್ಷ ಹೆಚ್ಚಿನ ಸ್ವರ ಸೇರಿಸಿದರೆ ಇದೇ ನಾದಕ್ಕೆ ಹೊಂದುತ್ತದೆಯೇ? ಮೂರಕ್ಕೂ ‘ಹೌದು’ ಎಂದು ಬರವಣಿಗೆಯಲ್ಲಿ ಕೊಟ್ಟರೆ ಮಾತ್ರ ಮುಂದುವರಿಯಿರಿ. ಬೆಲೆ ಕಡಿಮೆ ಎಂದು ತಂದ ಸೆಟ್‌ನಲ್ಲಿ ಒಂದು ಸ್ವರ ಹೋಗಿ, ಬದಲಿ ಸಿಗದಿದ್ದರೆ ಉಳಿದವು ಕಪಾಟಿನಲ್ಲಿ ಧೂಳು ತಿನ್ನುತ್ತವೆ.

ಈ ನಾಲ್ಕು ಪರೀಕ್ಷೆಗಳನ್ನು ನೀವೊಬ್ಬರೇ ಮಾಡಬೇಡಿ. ಹೈಸ್ಕೂಲಿನ ಮಕ್ಕಳಿಗೆ ಕೊಡಿ: ಒಬ್ಬ ಬಾರಿಸಲಿ, ಒಬ್ಬಳು ಅಳೆಯಲಿ, ಇನ್ನೊಬ್ಬ ಪಟ್ಟಿ ಬರೆಯಲಿ. ಪ್ರತಿ ಚೈಮಿಗೂ ಒಂದು ಪುಟ ಇರಲಿ, ಪ್ರತಿ ಜೂನಿನಲ್ಲಿ ಮತ್ತೆ ಅಳೆಯಲಿ. ಎರಡು ವರ್ಷದ ಅಂಕಿ ಕೂಡಿದರೆ ವಿಜ್ಞಾನ ಮೇಳಕ್ಕೆ ಒಳ್ಳೆಯ ಪ್ರಾಜೆಕ್ಟೂ ಆಯಿತು. ಯಾವ ಮಗುವಿನ ಸ್ವರ ಸೊರಗುತ್ತಿದೆ ಎಂಬುದು ವಾರ್ಷಿಕೋತ್ಸವದ ವೇದಿಕೆಯಲ್ಲಲ್ಲ, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ನಿಮಗೆ ಗೊತ್ತಾಗುತ್ತದೆ.