ಒಂದೇ ಬಂಡಿ, ಎರಡು ಹೊರೆ

ಬೆಳಗಿನ ಜಾವ ಕೋಲಾರದ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿರಿ. ಬೆಂಗಳೂರಿನ ಬಸ್ಸಿಗೆ ನೌಕರರೂ ವಿದ್ಯಾರ್ಥಿಗಳೂ ಹತ್ತುತ್ತಿರುವಂತೆಯೇ ಹೂವಿನ ಮೂಟೆ, ಸೊಪ್ಪಿನ ಗಂಟು, ತರಕಾರಿಯ ಚೀಲಗಳೂ ಬಾಗಿಲಿಗೆ ಬರುತ್ತವೆ. ನಿರ್ವಾಹಕನು ಗೊಣಗುತ್ತಾನೆ, ಮೂಟೆಯೊಡತಿ ಗೋಗರೆಯುತ್ತಾಳೆ. ಜನರಿಗೂ ಸರಕಿಗೂ ಒಂದೇ ವಾಹನ ಸಾಲದೆ?

ಈ ಪ್ರಶ್ನೆ ಕೋಲಾರ ಸೀಮೆಗೆ ಹೊಸತಲ್ಲ. ಬೌರಿಂಗ್‌ಪೇಟೆ ಎನಿಸಿದ್ದ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಕಿರುಹಳಿ ಬಂದಿತು. ಮುಂದೆ ಅದು ಶ್ರೀನಿವಾಸಪುರ, ಚಿಂತಾಮಣಿಗಳನ್ನು ಹಾದು ಚಿಕ್ಕಬಳ್ಳಾಪುರದತ್ತ ಸಾಗಿತು. ಅಂತಹ ಕಿರುಹಳಿಗಳಲ್ಲಿ ಜನರ ಡಬ್ಬಿಗಳನ್ನೂ ಸರಕಿನ ಡಬ್ಬಿಗಳನ್ನೂ ಒಂದೇ ಎಂಜಿನ್ನಿಗೆ ಕಟ್ಟುವುದು ವಾಡಿಕೆ. ಅದೇ ಮಿಶ್ರ ಗಾಡಿ. ಖರ್ಚು ಕಡಿಮೆಯೇನೋ ಸರಿ. ಆದರೆ ಡಬ್ಬಿಗಳನ್ನು ಬಿಡಿಸಿ ಜೋಡಿಸುವವರೆಗೆ ಪ್ರಯಾಣಿಕನು ಕಾಯಬೇಕು. ಲಾರಿ ಬಂದಮೇಲೆ ಸರಕು ರಸ್ತೆಗಿಳಿಯಿತು. ಕೋಲಾರದಿಂದ ಚಿಕ್ಕಬಳ್ಳಾಪುರದ ಹಳಿ 2013ರಲ್ಲಿ ಅಗಲವಾಯಿತು.

ಮಾಲೂರಿಗೆ ದೊಡ್ಡ ರೈಲು ಮಾರ್ಗವುಂಟು. ಮುಳಬಾಗಿಲಿಗೆ ರೈಲೇ ಇಲ್ಲ. ಹೆದ್ದಾರಿಯೇ ಅದರ ಜೀವನಾಡಿ. ಆದ್ದರಿಂದ ಬಸ್ಸಿನ ಮಾತು ಮುಖ್ಯ. ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು 2021ರಲ್ಲಿ ‘ನಮ್ಮ ಕಾರ್ಗೋ’ ಎಂಬ ಹೆಸರಿನಿಂದ ಬಸ್ಸುಗಳಲ್ಲಿ ಪಾರ್ಸೆಲ್ ಸಾಗಿಸಲಾರಂಭಿಸಿತು. 2022ರ ನಿಯಮದಂತೆ ಪ್ರಯಾಣಿಕನೊಬ್ಬನು 30 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಬಹುದು.

ಕೋಲಾರದ ಮಂಡಿಯಲ್ಲಿ ಟೊಮೇಟೊ ಪೆಟ್ಟಿಗೆಯ ತೂಕ 15 ಕಿಲೋ. ಎಂದರೆ, ತೂಕದ ಲೆಕ್ಕದಲ್ಲಿ ಎರಡು ಪೆಟ್ಟಿಗೆಗೆ ಮಿತಿ ಮುಗಿಯಿತು. ಹತ್ತು ಪೆಟ್ಟಿಗೆಯ ಬಡ ರೈತನ ಗತಿಯೇನು? ಬಸ್ಸಿಗೆ ಅದು ಹೆಚ್ಚು, ಲಾರಿಗೆ ಕಡಿಮೆ. ಹಣ್ಣಾದರೋ ಕಾಯುವ ವಸ್ತುವಲ್ಲ. ಬಾಡಿಗೆ ತೆತ್ತರೆ ಲಾಭ ಹೋಯಿತು. ಕಾದರೆ ಮಾಲೇ ಹೋಯಿತು.

ಜಪಾನಿನ ಇವಾಟೆ ಪ್ರಾಂತ್ಯದಲ್ಲಿ 2015ರಲ್ಲಿ ಒಂದು ಉಪಾಯ ಹೂಡಿದರು. ಬಸ್ಸಿನ ಹಿಂದಿನ ಕೆಲವು ಆಸನಗಳನ್ನು ತೆಗೆದು, ಪಾರ್ಸೆಲ್ಲುಗಳಿಗೆ ಬೇರೆ ಜಾಗ ಮಾಡಿದರು. ಹಳ್ಳಿಯ ಬಸ್ಸಿಗೆ ಎರಡನೆಯ ಆದಾಯ ದೊರೆಯಿತು. ಲಾರಿಯ ಓಡಾಟ ತಗ್ಗಿತು.

ನಮ್ಮಲ್ಲಿ ಇದು ಫಲಿಸಬೇಕಾದರೆ ಮೂರು ಕಟ್ಟುಪಾಡು ಬೇಕು. ಜನದಟ್ಟಣೆಯಿಲ್ಲದ ಹೊತ್ತಿನ ಬಸ್ಸುಗಳನ್ನೇ ಆರಿಸಬೇಕು; ಸರಕಿಗೆ ಪ್ರತ್ಯೇಕ ಗೂಡಿರಬೇಕು; ಏರಿಸಿ ಇಳಿಸುವವರು ನಿಲ್ದಾಣದಲ್ಲಿ ಸಿದ್ಧರಿರಬೇಕು. ಮಿಶ್ರ ಗಾಡಿ ಕಲಿಸಿದ ಪಾಠವೂ ಇದೇ: ಸರಕಿಗಾಗಿ ಜನರನ್ನು ಕಾಯಿಸಬಾರದು.

ಬಸ್ಸು ಹೇಗೂ ಓಡುತ್ತದೆ, ಅದರಲ್ಲಿ ಒಂದಷ್ಟು ಜಾಗವೂ ಬರಿದೇ ಓಡುತ್ತದೆ. ಆ ಜಾಗ ರೈತನ ಪಾಲಿಗೆ ದೊರೆತರೆ, ಹತ್ತು ಪೆಟ್ಟಿಗೆಯ ಬೆಳೆಯೂ ಹೊತ್ತಿಗೆ ಸರಿಯಾಗಿ ಪೇಟೆ ಸೇರೀತು.