ಮೈ ತೊಯ್ಯದ ಈಜು

ಕಾಲು ಮೇಲೆ, ತಲೆ ಕೆಳಗೆ. ಫೆಬ್ರವರಿಯ ಒಂದು ಶನಿವಾರ, ಇಂಗ್ಲೆಂಡಿನ ಹಳೇ ಕಲ್ಲುಗಣಿಯೊಂದರ ನೀರಿನಲ್ಲಿ, ಆರು ಮೀಟರ್ ಆಳದಲ್ಲಿ ನಾನು ಹೀಗೆ ನೇತಾಡ್ತಾ ಇದ್ದೆ. ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ ನೀರಿನ ಉಷ್ಣಾಂಶ 6 ಡಿಗ್ರಿ ಅಂತ ತೋರಿಸ್ತಿತ್ತು. ಮೈ ಮಾತ್ರ ಬೆಚ್ಚಗೇ ಇತ್ತು. ನನ್ನನ್ನು ಬೆಚ್ಚಗಿಟ್ಟ ಆ ಗಾಳಿಯೇ ಈಗ ಅಷ್ಟೂ ಕಾಲಿನ ಕಡೆ ಸೇರಿಕೊಂಡು, ಬಲೂನಿನ ಹಾಗೆ ನನ್ನನ್ನು ಮೇಲಕ್ಕೆ ಎಳೀತಿತ್ತು.

ನಾನು ಗದಗ ಹತ್ತಿರದ ಅಂತೂರ-ಬೆಂತೂರಿನವ. ನಮ್ಮದು ಎರಿ ಮಣ್ಣಿನ ಬಯಲು. ಸಮುದ್ರ ಅಂದ್ರೆ ಶಾಲೆಯ ನಕ್ಷೆಯ ನೀಲಿ ಬಣ್ಣ, ಅಷ್ಟೇ. ಈಸು ಕಲಿತದ್ದು ಹೊಲದ ಬಾವಿಯಲ್ಲಿ. ಬೇಸಿಗೆ ರಜೆಯಲ್ಲಿ ಕಾಕಾ ಸೊಂಟಕ್ಕೆ ಬೆಂಡು ಕಟ್ಟಿ ಮೆಟ್ಟಿಲ ಮೇಲಿಂದ ನೂಕಿಬಿಡ್ತಿದ್ದ. ಅವನು ಕಲಿಸಿದ ಪಾಠ ಒಂದೇ: "ಉಸರ ಬಿಗಿ ಹಿಡಿ, ತಾನಾ ಮ್ಯಾಲ ಬರ್ತಿ." ನಾನು ಆರನೇತ್ತೆಯಲ್ಲಿದ್ದಾಗ ನಮ್ಮ ಓಣಿಯ ಹುಡುಗನೊಬ್ಬ ಬೆಂಡು ಕಳಚಿ ಬಾವಿಯಲ್ಲಿ ಮುಳುಗಿಹೋದ. ಅವತ್ತಿನಿಂದ ಅವ್ವ ನನ್ನನ್ನು ಬಾವಿಯ ಕಡೆ ಹಾಯಗೊಡಲಿಲ್ಲ.

ಹಾಗಾಗಿ ಬೆಂಗಳೂರಿಗೆ ಬಂದ ಮೇಲೆ ಗೆಳೆಯರ ಜೊತೆ ನೇತ್ರಾಣಿಗೆ ಹೋಗಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ ಅದು. ಬೆಚ್ಚನೆಯ ನೀರು, ಬಣ್ಣಬಣ್ಣದ ಮೀನು. ಒಂದು ಸಲ ಮುಳುಗಿ ಬಂದವನಿಗೆ ಹುಚ್ಚು ಹಿಡೀತು. ಮುಂದಿನ ವರ್ಷ ಕೋರ್ಸ್ ಮುಗಿಸಿ ಕಾರ್ಡೂ ತಗೊಂಡೆ. ಅಲ್ಲಿ ಕಲಿಸಿದ ಮೊದಲ ನಿಯಮ ಕಾಕಾನ ಪಾಠಕ್ಕೆ ಪೂರ್ತಿ ಉಲ್ಟಾ: ಯಾವ ಕಾರಣಕ್ಕೂ ಉಸಿರು ಹಿಡಿಯಬೇಡ.

ಪ್ರಾಜೆಕ್ಟ್ ಮೇಲೆ ಇಂಗ್ಲೆಂಡಿಗೆ ಬಂದಾಗ ಆಫೀಸಿನ ಮೂರು ಜನ ಐಸ್‌ಲ್ಯಾಂಡಿನ ಸಿಲ್ಫ್ರಾಕ್ಕೆ ಹೋಗುವ ಪ್ಲಾನ್ ಹಾಕಿದ್ರು. ಉತ್ತರ ಅಮೆರಿಕ ಮತ್ತು ಯುರೇಷ್ಯಾ ಭೂಫಲಕಗಳು ದೂರ ಸರಿಯುವಲ್ಲಿ ಆದ ಬಿರುಕು ಅದು. ಹಿಮನದಿ ಕರಗಿ, ಲಾವಾ ಕಲ್ಲಿನೊಳಗೆ ಸೋಸಿ ಬಂದ ನೀರು. ಕನ್ನಡಿಯಷ್ಟು ತಿಳಿ, ವರ್ಷವಿಡೀ 2ರಿಂದ 4 ಡಿಗ್ರಿ. ಅಲ್ಲಿ ಡೈವ್ ಮಾಡಬೇಕಾದರೆ ಡ್ರೈಸೂಟ್ ಬಳಸಿದ ಅನುಭವ ಇರಲೇಬೇಕು.

ನೇತ್ರಾಣಿಯಲ್ಲಿ ಹಾಕಿದ್ದು ವೆಟ್‌ಸೂಟ್. ಅದರೊಳಗೆ ನೀರು ನುಸುಳುತ್ತೆ, ಆ ತೆಳು ಪದರವನ್ನು ನಮ್ಮ ಮೈಯೇ ಬಿಸಿ ಮಾಡ್ಕೊಳ್ಳುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುವುದರಿಂದ 6 ಡಿಗ್ರಿಯಲ್ಲಿ ಆ ಆಟ ಬಹಳ ಹೊತ್ತು ನಡೆಯಲ್ಲ. ಡ್ರೈಸೂಟ್ ನೀರನ್ನು ಒಳಗೇ ಬಿಡಲ್ಲ. ಕುತ್ತಿಗೆ, ಮುಂಗೈಗೆ ಬಿಗಿಯಾದ ರಬ್ಬರ್ ಪಟ್ಟಿ, ನೀರು ಸೋರದ ಜಿಪ್ಪು, ಒಳಗೆ ದಪ್ಪನೆಯ ಉಣ್ಣೆಯಂಥ ಅಂಗಿ. ಹತ್ತಿ ಬಟ್ಟೆ ಬೇಡ, ಬೆವರಿಗೇ ತೊಯ್ದು ಚಳಿ ಹಿಡಿಸುತ್ತೆ. ಕುತ್ತಿಗೆ ಪಟ್ಟಿಯೊಳಗೆ ತಲೆ ತೂರಿಸೋದಕ್ಕೆ ಟಾಲ್ಕಮ್ ಪೌಡರ್ ಬೇಕು. ಮೊದಲ ಸಲ ಹಾಕಿಕೊಂಡಾಗ ಯಾರೋ ಗಂಟಲು ಹಿಚುಕಿದ ಹಾಗಾಯ್ತು. ಇನ್ನೊಂದು ಮಾತು: ತಣ್ಣೀರಲ್ಲಿ ಮೂತ್ರ ಬೇಗ ಬರುತ್ತೆ, ಈ ಜಿಪ್ಪು ಅಷ್ಟು ಬೇಗ ಬಿಚ್ಚಲ್ಲ. ಅದಕ್ಕೆಂದೇ ಕೊಳವೆ ಇರುವ ಸೂಟೂ ಉಂಟು, ನನ್ನದು ಬಾಡಿಗೆಯದ್ದು. ಹಾಗಂತ ನೀರು ಕುಡಿಯದೇ ಇಳಿಯೋದು ಒಳ್ಳೇದಲ್ಲ.

ಕೆಳಗಿಳಿದಂತೆ ನೀರಿನ ಒತ್ತಡಕ್ಕೆ ಸೂಟಿನೊಳಗಿನ ಗಾಳಿ ಕುಗ್ಗಿ ಬಟ್ಟೆ ಮೈ ಚಿವುಟುತ್ತೆ. ಆಗ ಎದೆ ಮೇಲಿನ ಗುಂಡಿ ಒತ್ತಿ ಸಿಲಿಂಡರಿನ ಗಾಳಿಯನ್ನು ಚೂರುಚೂರೇ ತುಂಬಬೇಕು. ಒಮ್ಮೆಲೇ ಬಹಳ ಒತ್ತಿದರೆ, ರಭಸದಿಂದ ಹರಿಯುವ ಗಾಳಿ ಇನ್ನಷ್ಟು ತಣ್ಣಗಾಗಿ ಉಸಿರಾಟದ ರೆಗ್ಯುಲೇಟರ್ ಹೆಪ್ಪುಗಟ್ಟಬಹುದು. ಅದು ತೆರೆದೇ ಉಳಿದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. ಮೇಲೇರುವಾಗ ಗಾಳಿ ಹಿಗ್ಗುತ್ತೆ, ಎಡತೋಳಿನ ವಾಲ್ವಿನಿಂದ ಅದನ್ನು ಹೊರಗೆ ಬಿಡಬೇಕು. ಗಾಳಿ ಯಾವಾಗಲೂ ಮೇಲಿರುವ ಕಡೆಗೇ ಓಡುತ್ತೆ. ಕಾಲು ಮೇಲಾದರೆ ಕಾಲಿಗೆ. ಅಲ್ಲಿ ವಾಲ್ವ್ ಇಲ್ಲ.

ಇದನ್ನೆಲ್ಲ ಈಜುಕೊಳದಲ್ಲಿ ಒಂದು ದಿನ ಕಲಿಸಿದರು. ಮೊಣಕಾಲು ಎದೆಗೆ ತಂದು, ಲಾಗ ಹಾಕಿದ ಹಾಗೆ ಉರುಳಿ ತಲೆ ಮೇಲೆ ಮಾಡು, ಎಡ ಮೊಣಕೈ ಎತ್ತು. ಹತ್ತು ಸಲ ಮಾಡಿದ್ದೆ. ಕೊಳದ ನೀರು ಬೆಚ್ಚಗಿತ್ತು, ತಳ ಕಾಣ್ತಿತ್ತು.

ಮಾರನೇ ವಾರ ಲೆಸ್ಟರ್‌ಶೈರಿನ ಸ್ಟೋನಿ ಕೋವ್. ಗ್ರಾನೈಟ್ ತೆಗೆದು ಬಿಟ್ಟ ಗಣಿಯಲ್ಲಿ ಬುಗ್ಗೆ ನೀರು ತುಂಬಿ ಆದ ಕೆರೆ ಅದು. ಉತ್ತರ ಸಮುದ್ರದ ತೈಲ ಬಾವಿಗಳಿಗೆ ಹೋಗುವ ಡೈವರ್‌ಗಳು ಒಂದು ಕಾಲದಲ್ಲಿ ಅಲ್ಲೇ ತರಬೇತಿ ಪಡೆದವರು. ಈಗ ಡೈವರ್‌ಗಳಿಗೆ ನೋಡೋಕಂತಲೇ ಹಳೇ ವಿಮಾನದ ಮೂತಿ, 2000ದಲ್ಲಿ ಮುಳುಗಿಸಿದ ಸ್ಟೇನ್‌ಗಾರ್ತ್ ಅನ್ನೋ ಹಳೇ ಟಗ್ ದೋಣಿ, ಎಲ್ಲ ನೀರಡಿ ಇವೆ. ಇಳಿದ ಕೂಡಲೇ ಹೊರಗುಳಿದ ತುಟಿ, ಕೆನ್ನೆಗೆ ಸೂಜಿ ಚುಚ್ಚಿದಂಗಾಯ್ತು. ಬಟ್ಟೆ ಚಿವುಟಿದ್ದಕ್ಕೆ ಗಾಬರಿಯಾಗಿ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿದೆ. ಆಮೇಲೆ ವಿಮಾನದ ಕಿಟಕಿಯೊಳಗೆ ಇಣುಕೋಕೆ ತಲೆ ಬಗ್ಗಿಸಿದೆ.

ಕಾಲು ಮೇಲೆ ಹೋಯ್ತು. ಆ ಕ್ಷಣಕ್ಕೆ ಹತ್ತು ಸಲದ ಅಭ್ಯಾಸ ಒಂದೂ ನೆನಪಿಗೆ ಬರಲಿಲ್ಲ. ಬಂದದ್ದು ಕಾಕಾ. ನಾನು ಉಸಿರು ಬಿಗಿ ಹಿಡಿದೆ.

ಬಾವಿಯಲ್ಲಿ ಅದು ಸರಿ, ದಂಡೆಯ ಮೇಲೆ ಎಳೆದುಕೊಂಡ ಉಸಿರು ಅದು. ಸಿಲಿಂಡರಿನಿಂದ ಆಳದಲ್ಲಿ ಎಳೆದ ಗಾಳಿ ಹಾಗಲ್ಲ, ಏರಿದಷ್ಟೂ ಎದೆಯೊಳಗೇ ಹಿಗ್ಗುತ್ತೆ. ತುಂಬಿದ ಎದೆ ಬಿಗಿ ಹಿಡಿದರೆ ಒಂದೆರಡು ಮೀಟರ್ ಏರಿದರೂ ಶ್ವಾಸಕೋಶ ಹರಿಯಬಹುದು. ಆಳ ಹೆಚ್ಚಾದಷ್ಟೂ ಅಪಾಯ ಅಂತ ನಾವು ಅಂದ್ಕೋತೀವಿ. ಆದರೆ ಗಾಳಿ ಎರಡು ಪಟ್ಟಾಗೋದು ಕೊನೆಯ ಹತ್ತು ಮೀಟರಿನಲ್ಲೇ.

ಜೊತೆಗಿದ್ದ ಶಿಕ್ಷಕಿ ನನ್ನ ಫಿನ್ ಹಿಡಿದು ಕೆಳಗೆಳೆದರು. ಇನ್ನೊಂದು ಕೈಯಿಂದ ತಮ್ಮ ಬಾಯಿಯ ಮುಂದೆ ಗುಳ್ಳೆ ಬಿಡೋ ಸನ್ನೆ ಮಾಡಿದರು. ನಾನು ಊದಿದೆ. ಗುಳ್ಳೆ ಹೋದ ಮೇಲೇ ಬುದ್ಧಿ ಬಂತು. ಮೊಣಕಾಲು ಎಳೆದುಕೊಂಡೆ, ಉರುಳಿದೆ, ಎಡ ಮೊಣಕೈ ಎತ್ತಿದೆ. ತೋಳಿನಿಂದ ಗಾಳಿ ಬುಳುಬುಳು ಹೊರಟಿತು. ಕಂಪ್ಯೂಟರ್ ನೋಡಿದರೆ ಮೂರು ಮೀಟರ್. ಮೇಲೆ ಬಂದಾಗ ಅವರು ಬೈಯಲಿಲ್ಲ. ಅರ್ಧ ಗಂಟೆ ಬಿಸಿ ಚಹಾ ಕುಡಿಸಿ, ಕಾಲಿಗೆ ಪುಟ್ಟ ಸೀಸದ ತೂಕ ಕಟ್ಟಿ, ಮತ್ತೆ ಅದೇ ಜಾಗಕ್ಕೆ ಇಳಿಸಿದರು. ಈ ಸಲ ಕಿಟಕಿಯ ಹತ್ತಿರ ಪಟ್ಟೆಪಟ್ಟೆಯ ಪರ್ಚ್ ಮೀನೊಂದು ನನ್ನನ್ನೇ ನೋಡ್ತಾ ನಿಂತಿತ್ತು.

ನಿಮಗೂ ಆಸೆಯಾದರೆ ಚಳಿ ನೀರು ಆಮೇಲೆ, ನೇತ್ರಾಣಿಯಿಂದಲೇ ಶುರು ಮಾಡಿ. ಅಸ್ತಮಾ, ಕಿವಿಯ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ತೋರಿಸಿ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದರೆ ಕನಿಷ್ಠ 18 ಗಂಟೆ ವಿಮಾನ ಹತ್ತುವ ಹಾಗಿಲ್ಲ, ಸೋಮವಾರದ ಸ್ಟ್ಯಾಂಡಪ್ ಮೀಟಿಂಗ್ ಹೋದರೆ ಹೋಗಲಿ. ರಾತ್ರಿ ಬಸ್ಸಿಗೆ ಘಟ್ಟ ಹತ್ತೋರೂ ಎಷ್ಟು ಹೊತ್ತು ತಡೀಬೇಕು ಅಂತ ಶಿಕ್ಷಕರನ್ನು ಕೇಳಿಕೊಳ್ಳಿ.

ಆವತ್ತು ಸಂಜೆ ಅವ್ವಗ ಫೋನ್ ಮಾಡಿ ನೇತ್ರಾಣಿಯಿಂದ ಹಿಡಿದು ಎಲ್ಲ ಹೇಳಿದೆ. ಕಾಲು ಮೇಲಾದದ್ದನ್ನೂ. ಅತ್ತ ಬಹಳ ಹೊತ್ತು ಮಾತಿಲ್ಲ.

"ನೀರಾಗ ಇಳದೂ ಮೈ ತೊಯ್ಯಂಗಿಲ್ಲಂದ್ರ ಅದೆಂಥಾ ಈಸೂದೋ ಯಪ್ಪಾ?" ಅಂದಳು ಕೊನೆಗೆ.

"ಎಡಗೈ ಮುಂಗೈ ಅಷ್ಟ ತೊಯ್ದೈತಿ ಬೇ, ಪಟ್ಟಿ ಸಡ್ಲ ಇತ್ತು."

"ಹಂಗಾರ ಮುಂದಿನ ಸಲ ಬಿಗೀ ಕಟ್ಟಿಸ್ಕೋ. ನಿಮ್ಮ ಕಾಕಾಗ ನೀನಾ ಹೇಳು, ನಾ ಹೇಳಾಂಗಿಲ್ಲ."