ಬಾಗಿಲು ಕಾಯುವ ಭೂತ

ಮ್ಯಾಕ್ಸ್‌ವೆಲ್ಲನ ಭೂತದ ಕಥೆ ಹೇಳಿದರೆ ನಮ್ಮ ಶಾಲೆಯ ಮಕ್ಕಳಿಗೆ ಬಲು ಖುಷಿ. 1867ರಲ್ಲಿ ವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡ ಈ ಪುಟ್ಟ ಜೀವಿ ಎರಡು ಕೋಣೆಗಳ ನಡುವಿನ ಕಿಂಡಿಯಲ್ಲಿ ಕುಳಿತು, ವೇಗದ ಅಣುಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುತ್ತದೆ. 1963ರ ಸುಮಾರಿಗೆ ಅಮೆರಿಕದ ಎಂಐಟಿಯ ಗಣಕ ತಜ್ಞರು, ತೆರೆಮರೆಯಲ್ಲಿ ಸದಾ ದುಡಿಯುವ ಪ್ರೋಗ್ರಾಮಿಗೆ ಈ ಭೂತದ ನೆನಪಿನಲ್ಲೇ ‘ಡೀಮನ್’ ಎಂದು ಹೆಸರಿಟ್ಟರು.

ಲಿನಕ್ಸ್ ಕಂಪ್ಯೂಟರಿನಲ್ಲಿ ಇಂಥ ಹಲವು ಭೂತಗಳಿವೆ. ಅವುಗಳಲ್ಲಿ ದ್ವಾರಪಾಲಕನ ಕೆಲಸ ‘ಎಸ್‌ಎಸ್‌ಎಚ್‌ಡಿ’ಯದು. ಕೊನೆಯ ‘ಡಿ’ ಎಂದರೆ ಡೀಮನ್. ಸಾಮಾನ್ಯವಾಗಿ ಇದು 22ನೇ ಸಂಖ್ಯೆಯ ಬಾಗಿಲಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ. ದೂರದೂರಿನಿಂದ ಯಾರಾದರೂ ತಟ್ಟಿದರೆ ‘ಯಾರು ನೀನು?’ ಎಂದು ವಿಚಾರಿಸಿ, ಖಾತ್ರಿಯಾದರಷ್ಟೇ ಒಳಗೆ ಬಿಡುತ್ತದೆ.

ಇದರ ಹುಟ್ಟಿಗೆ ಕಳ್ಳತನವೇ ಕಾರಣ. ಹಿಂದೆ ಬಳಕೆಯಲ್ಲಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಬರಹದಂತೆ ಬಟಾಬಯಲಾಗಿ ಸಾಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದಾಲಿಸಿ ಪಾಸ್‌ವರ್ಡ್‌ಗಳನ್ನು ದೋಚಿದರು. ಅದೇ ವರ್ಷ ಅಲ್ಲಿನ ತಾತು ಯ್ಲೋನೆನ್, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ರಚಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 1999ರಲ್ಲಿ ಬಂದ ಉಚಿತ ರೂಪ, ಓಪನ್‌ಎಸ್‌ಎಸ್‌ಎಚ್.

ಪಾಸ್‌ವರ್ಡಿಗಿಂತ ಗಟ್ಟಿ ಉಪಾಯವೂ ಇದರಲ್ಲಿದೆ: ಜೋಡಿ ಕೀಲಿ. ಬ್ಯಾಂಕಿನಲ್ಲಿ ನಮ್ಮ ಮಾದರಿ ಸಹಿ ಇರುತ್ತದಲ್ಲ, ಹಾಗೆ ‘ಬಹಿರಂಗ ಕೀಲಿ’ಯನ್ನು ಭೂತದ ಬಳಿ ಇಟ್ಟಿರಬೇಕು. ‘ಗುಪ್ತ ಕೀಲಿ’ ನಮ್ಮಲ್ಲೇ ಉಳಿಯುತ್ತದೆ. ಪ್ರತಿ ಸಲವೂ ಹೊಸ ಒಕ್ಕಣೆಗೆ ಗುಪ್ತ ಕೀಲಿಯಿಂದ ಸಹಿ ಮಾಡಿ ಕಳಿಸುತ್ತೇವೆ. ಭೂತ ಅದನ್ನು ಮಾದರಿಯೊಡನೆ ತಾಳೆ ನೋಡುತ್ತದೆ. ಗುಟ್ಟು ಮನೆಯ ಹೊಸ್ತಿಲು ದಾಟುವುದೇ ಇಲ್ಲ!

ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಈ ಭೂತವನ್ನು ನಾನೇ ಕೂರಿಸಿದೆ. ಒಂದು ಬೆಳಗ್ಗೆ ದಾಖಲೆ ತೆರೆದರೆ, ರಾತ್ರಿಯಿಡೀ ಯಾರೋ ಅಪರಿಚಿತರು ನೂರಾರು ಪಾಸ್‌ವರ್ಡ್ ಊಹಿಸಿ ಬಾಗಿಲು ತಟ್ಟಿದ್ದರು. ಒಳಗೆ ಮಕ್ಕಳ ಅಂಕಪಟ್ಟಿ ಇತ್ತು. ಎದೆ ಝಲ್ಲೆಂದಿತು. ಅಂದು ಸಂಜೆ ಮನೆಯಿಂದಲೇ, ಪಾಸ್‌ವರ್ಡ್ ಒಪ್ಪಬೇಡ ಎಂದು ಭೂತಕ್ಕೆ ಆಜ್ಞೆ ಬರೆದು, ಅದನ್ನು ಮರುಚಾಲನೆ ಮಾಡಿ, ಕಿಟಕಿ ಮುಚ್ಚಿದೆ. ಆಮೇಲೆ ನೆನಪಾಯಿತು: ನನ್ನ ಬಹಿರಂಗ ಕೀಲಿಯನ್ನೇ ಅಲ್ಲಿ ಇಟ್ಟಿರಲಿಲ್ಲ! ಮರುದಿನ ಭಾನುವಾರ. ಬಸ್ಸು ಹಿಡಿದು ಶಾಲೆಗೆ ಹೋಗಿ, ಆ ಯಂತ್ರದ ಮುಂದೆಯೇ ಕುಳಿತು ಸರಿಪಡಿಸಬೇಕಾಯಿತು.

ನೀವು ಹೀಗೆ ಮಾಡಬೇಡಿ. ಮೊದಲು ಕೀಲಿ ಇಟ್ಟು, ಅದರಿಂದ ಪ್ರವೇಶ ಸಿಗುವುದೇ ನೋಡಿ. ಬಳಿಕ ಆಜ್ಞೆ ಬದಲಿಸಿ. ಹಳೆಯ ಕಿಟಕಿಯನ್ನು ಮುಚ್ಚದೆ, ಹೊಸ ಕಿಟಕಿಯಿಂದ ಇನ್ನೊಮ್ಮೆ ಪರೀಕ್ಷಿಸಿ. ಒಳಬಂದ ಪ್ರತಿಯೊಬ್ಬರಿಗೂ ಈ ಭೂತ ಒಂದು ಮರಿಯನ್ನು ಹೆರುತ್ತದೆ. ಆದ್ದರಿಂದ ತಾಯಿಯನ್ನು ಮರುಚಾಲನೆ ಮಾಡಿದರೂ ಹಳೆಯ ಸಂಪರ್ಕ ಕಡಿಯುವುದಿಲ್ಲ. ಎಡವಟ್ಟಾದರೆ ಅಲ್ಲಿಂದಲೇ ತಿದ್ದಬಹುದು.

ಅಂದು ಭೂತ ನನ್ನನ್ನೂ ಒಳಗೆ ಬಿಡಲಿಲ್ಲ. ಮೇಷ್ಟ್ರೆಂಬ ಮುಲಾಜು ಅದಕ್ಕಿಲ್ಲ. ಕಾವಲುಗಾರನೆಂದರೆ ಹಾಗೆಯೇ ಇರಬೇಕಲ್ಲವೇ?